ಸಮುದ್ರದ ಊರು, ನಳದ ನೀರು

ಭೂಗೋಳದ ಮಾಸ್ತರನಾಗಿ ನಾನು ಜೀವಮಾನವಿಡೀ ಮಕ್ಕಳಿಗೆ ಸಮುದ್ರ ಕಲಿಸಿದವನು. ಕಲಿಸಿದ್ದು ಗೋಡೆಗೆ ತೂಗುಹಾಕಿದ ನಕಾಶೆಯ ಮೇಲೆ, ಕೈಯಲ್ಲಿ ಬೆತ್ತ ಹಿಡಿದು. ಬೆಟಗೇರಿಯ ನಮ್ಮ ಶಾಲೆಯ ಆ ನಕಾಶೆಯಲ್ಲಿ ಅರಬ್ಬಿ ಸಮುದ್ರದ ನಡುವೆ ಇಲಿ ಕಡಿದ ತೂತೊಂದಿತ್ತು. ಎಷ್ಟೋ ಹುಡುಗರು ಅದನ್ನು ದ್ವೀಪವೆಂದು ತಿಳಿದೇ ಪಾಸಾಗಿ ಹೋದರು. ಇಂಥ ನಾನು ನಿವೃತ್ತನಾದ ಮೇಲೆ ಸಮುದ್ರದ ದಂಡೆಯಲ್ಲಿ ಚೆಂದದ ಊರೊಂದನ್ನು ಆರಿಸಿ ಅಲ್ಲಿಯೇ ಮನೆ ಮಾಡುತ್ತೇನೆ ಎಂದಾಗ ಓಣಿಯವರು ನಕ್ಕದ್ದರಲ್ಲಿ ತಪ್ಪೇನಿಲ್ಲ.

ಆಸೆ ನನ್ನದಲ್ಲ, ಹೆಂಡತಿ ಗಿರಿಜಾಳದು. ಮದುವೆಯಾದ ಹೊಸದರಲ್ಲಿ ಗೋಕರ್ಣಕ್ಕೆ ಹೋದಾಗ ಸೀರೆಯ ಅಂಚು ಒದ್ದೆ ಮಾಡಿಕೊಂಡು ನಿಂತು, “ಇಂಥಾ ಕಡೆ ಇರಬೇಕ್ರಿ” ಎಂದಿದ್ದಳು. “ರಿಟೈರ್ ಆಗ್ಲಿ ತಡಿ” ಎಂದೆ. ಆಗ ರಿಟೈರ್ ಆಗುವುದು ಬಹಳ ದೂರವಿತ್ತು, ದೂರದ ಮಾತು ಕೊಡಲು ಯಾರಿಗೂ ಕಷ್ಟವಿಲ್ಲ. ಬೀಳ್ಕೊಡುಗೆಯ ಶಾಲು ಇನ್ನೂ ಹೆಗಲ ಮೇಲಿದ್ದಾಗಲೇ ಅವಳು ಕೇಳಿದಳು: “ಯಾವ ಊರು ನೋಡೀರಿ?”

ನೋಡತೊಡಗಿದೆ. ಕಾರವಾರ ಬೇಡವಾಯಿತು, ಅಲ್ಲಿ ನಮ್ಮ ಹಳೆಯ ಹೆಡ್‌ಮಾಸ್ತರರ ಮಗಳ ಮನೆಯಿದೆ, ಅವರು ಆಗಾಗ ಬಂದು ಇರುತ್ತಾರೆ. ಗೋಕರ್ಣದಲ್ಲಿ ಇದ್ದರೆ ಗದಗ ಜಿಲ್ಲೆಯ ನೆಂಟರೆಲ್ಲ ಪುಣ್ಯದ ಜೊತೆ ಊಟವನ್ನೂ ನಮ್ಮಲ್ಲೇ ಮುಗಿಸುತ್ತಾರೆ. ಹೊನ್ನಾವರದಲ್ಲಿ ನದಿಯೂ ಇದೆ, ಸಮುದ್ರವೂ ಇದೆ; ಯಾವುದನ್ನು ನೋಡಬೇಕೆಂದು ದಿನಾ ತಲೆನೋವು. ಶಿರಹಟ್ಟಿಯ ಗೆಳೆಯ ಫಕ್ಕೀರಪ್ಪನಂತೂ ನನ್ನ ವಿದ್ಯೆಗೇ ಕೈ ಹಾಕಿದ. “ಲೇ ಮಾಸ್ತರಾ, ನಮ್ಮ ಮಾಗಡಿ ಕೆರಿಗೆ ಹಕ್ಕಿ ಹಿಮಾಲಯ ದಾಟಿ ಬರ್ತಾವ. ಅವಕ್ಕ ಸಮುದ್ರ ಎಲ್ಲೈತಿ ಅನ್ನೂದು ಗೊತ್ತಿಲ್ಲೇನು? ಹಂತಾವು ಶಿರಹಟ್ಟಿ ತಾಲೂಕಿಗೇ ಯಾಕ ಬರ್ತಾವ, ಹೇಳು.” ಭೂಗೋಳದಲ್ಲಿ ಇದಕ್ಕೆ ಉತ್ತರವಿದೆ, ಫಕ್ಕೀರಪ್ಪ ಒಪ್ಪುವಂಥದ್ದಿಲ್ಲ. ಕೊನೆಗೆ ಕುಮಟಾ ಎಂದಾಯಿತು. ತಕರಾರು ತೆಗೆಯುವಷ್ಟು ನನಗೆ ಆ ಊರಿನ ಬಗ್ಗೆ ಗೊತ್ತಿರಲಿಲ್ಲ ಎಂಬುದೇ ಕಾರಣ. ಬೇಸಿಗೆ ಮುಗಿಯುವವರೆಗೆ ಬಾಡಿಗೆಗೆ ಇದ್ದು ನೋಡುವುದು, ಹೊಂದಿದರೆ ಅಲ್ಲೇ ಉಳಿಯುವುದು, ಹೊಂದದಿದ್ದರೆ ಸಮುದ್ರದ ಸುದ್ದಿ ಮತ್ತೆ ಎತ್ತಬಾರದು ಎಂದು ನಮ್ಮಲ್ಲಿ ಕರಾರಾಯಿತು.

ಇಲ್ಲಿ ನಮ್ಮೂರ ನೀರಿನ ಬಗ್ಗೆ ಒಂದು ಮಾತು ಹೇಳಬೇಕು. ಮುಂಡರಗಿ ಕಡೆಯಿಂದ ಪೈಪಿನಲ್ಲಿ ಹಾದು ಬರುವ ತುಂಗಭದ್ರೆಗೆ ತನ್ನದೇ ಪಂಚಾಂಗವಿದೆ. ವಾರಕ್ಕೊಮ್ಮೆ ಬಂದಾಳು, ಮನಸ್ಸಿಲ್ಲದಿದ್ದರೆ ಇನ್ನೂ ತಡೆದಾಳು. ಓಣಿಯಲ್ಲಿ “ನೀರ ಬಂದಾವ” ಎಂದು ಕೂಗೆದ್ದರೆ ಉಣ್ಣುವವನು ತಾಟು ಬಿಟ್ಟು ಏಳಬೇಕು. ನೀರಿನ ಪಾಳಿ ತಪ್ಪಿಸಿ ಮದುವೆಯ ಮುಹೂರ್ತ ಇಟ್ಟವರನ್ನೂ ನಾನು ಬಲ್ಲೆ.

ಕುಮಟಾದ ಮನೆಗೆ ಕಾಲಿಟ್ಟ ಗಿರಿಜಾ ಮುಖ ತೊಳೆಯಲು ನಳ ತಿರುಗಿಸಿದಳು. ನೀರು ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು, ಗಂಟುಮೂಟೆ ಬಿಚ್ಚಿದೆವು. ಕೊಡ, ಬಕೀಟು, ಪಾತೇಲಿ ತುಂಬಿದವು. ಕುಕ್ಕರ್ ತುಂಬಿತು, ಟಿಫಿನ್ ಕ್ಯಾರಿಯರಿನ ಎಲ್ಲ ಡಬ್ಬಿಗಳೂ ತುಂಬಿದವು. ನಾನು ಮಳೆಗಾಲಕ್ಕೆಂದು ತಂದ ರಬ್ಬರ್ ಬೂಟುಗಳತ್ತ ಕಣ್ಣು ಹಾಯಿಸುತ್ತಿದ್ದಾಗ ಮನೆಯೊಡತಿ ಶಾರದಕ್ಕ ಬಾಗಿಲಿಗೆ ಬಂದರು.

“ಎಂತಕ್ಕೆ ಇಷ್ಟೆಲ್ಲ ನೀರು ತುಂಬಿಸಿಟ್ಟದ್ದು? ಮನೇಲಿ ಏನಾದ್ರೂ ಕಾರ್ಯ ಇದ್ಯಾ?”

“ನೀರ ಹೋಗೂದ್ರಾಗ ತುಂಬಿಡಾಕತ್ತೀವ್ರಿ” ಎಂದೆ.

“ನೀರು ಎಲ್ಲಿಗೆ ಹೋಗ್ತದೆ?” ಎಂದು ಅವರು ನಿಜಕ್ಕೂ ಅರ್ಥವಾಗದೆ ಕೇಳಿದರು. ಹಿತ್ತಲಲ್ಲಿ ಅವರ ಬಾವಿ ಬಗ್ಗಿದರೆ ಕೈಗೆ ಸಿಗುವಷ್ಟು ತುಂಬಿಕೊಂಡಿತ್ತು. ಆದರೂ ನಮಗೆ ನಂಬಿಕೆ ಬರಲಿಲ್ಲ. ಆ ದಿನ ಸಮುದ್ರಕ್ಕೆ ಹೋಗದೆ, ನೀರು ಯಾವಾಗ ನಿಲ್ಲುತ್ತದೆ ಎಂದು ನಳದ ಹತ್ತಿರ ಕೂತೆವು. ಮರುದಿನವೂ ಕೂತೆವು.

ಆಮೇಲೆ ಸಮುದ್ರ ನೋಡಿದ್ದಾಯಿತು. ಹೇಳಿದ್ದನ್ನೇ ಹೇಳುವುದು ಅದರ ಸ್ವಭಾವ. ಮಾಸ್ತರನಿಗೆ ಅದರಲ್ಲಿ ಹೊಸದೇನಿಲ್ಲ. ನನ್ನ ನಿಜವಾದ ದುಃಖ ಹಪ್ಪಳದ್ದು. ಊರಿನಿಂದ ತಂದ ಹಪ್ಪಳ ಕರಿದು ತಾಟಿಗೆ ಹಾಕುವುದರೊಳಗೆ ಮೆತ್ತಗಾಗಿ ಮಡಚಿಕೊಳ್ಳುತ್ತಿತ್ತು. ಜೋಳದ ಹಿಟ್ಟಿಗೂ ಬೆವರು. ಒಣಗಾಳಿಯ ನಮ್ಮೂರಿನ, ಕಟ್ಟೆಯ ಗೆಳೆಯರ ನೆನಪು ದಿನಾ ಬರುತ್ತಿತ್ತು. ಗಿರಿಜಾ ಕೂಡ ಸಮುದ್ರದ ಕಡೆ ಹೋಗುವುದು ಕಡಿಮೆಯಾಯಿತು. ಇವಳಿಗೂ ಬೇಸರ ಬಂತು ಎಂದು ನನಗೆ ಒಳಗೊಳಗೇ ಖುಷಿ. ಕೊಟ್ಟ ಮಾತನ್ನು ನಾನು ಮುರಿಯಬಾರದು, ಅವಳೇ “ನಡೀರಿ ಊರಿಗೆ” ಎನ್ನಲಿ ಎಂದು ಕಾದೆ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಬೆಟಗೇರಿಯ ಪಕ್ಕದ ಮನೆಯ ನೀಲವ್ವನ ಫೋನು ಬಂತು. “ಅಕ್ಕಾರ, ನೀರ ಬಂದಾವ್ರಿ. ನಿಮ್ಮ ಟಾಕಿಗೆ ಪೈಪ್ ಹಚ್ಚಲೇನ್ರಿ?” ಆ ಮಾತು ಕೇಳಿದ್ದೇ ಗಿರಿಜಾ ಸೆರಗು ಸಿಗಿಸಿಕೊಂಡು ಅರ್ಧ ಎದ್ದಳು. ಕೆಲಸವಾಯಿತು, ನಾಳೆ ಬಸ್ಸು ಎಂದುಕೊಂಡೆ. ಅವಳು ಮತ್ತೆ ಕೂತಳು.

“ಬ್ಯಾಡ ನೀಲವ್ವ. ನಮ್ಮ ಪಾಲಿಂದೂ ನೀವ ತುಂಬ್ಕೋರಿ. ಇನ್ನ ಮುಂದೂ ಹಂಗ ಮಾಡ್ರಿ.”

ಎತ್ತಿದ ತುತ್ತನ್ನು ತಾಟಿನಲ್ಲೇ ಇಟ್ಟೆ. ನಮ್ಮ ಕಡೆ ಜನ ಕೊರಳ ಸರ ಬಿಚ್ಚಿ ಕೊಟ್ಟಾರು, ನೀರಿನ ಪಾಳಿ ಬಿಟ್ಟುಕೊಡುವುದಿಲ್ಲ.

“ಸಮುದ್ರ ಅಷ್ಟ ಮನಸಿಗೆ ಬಂತೇನು?” ಎಂದು ಕೇಳಿದೆ.

“ಸಮುದ್ರ ತಗೊಂಡು ಏನ್ ಮಾಡೂದೈತ್ರಿ, ಒಮ್ಮಿ ನೋಡಿದ್ರ ಆತು” ಎಂದಳು. “ತಂಗಿ ಮಗಳ ಮದುವ್ಯಾಗ ಅಕ್ಕಿಕಾಳ ಬೀಳೂದ್ರಾಗ ನಾ ಯಾಕ ಎದ್ದ ಬಂದೆ, ನೆನಪೈತೇನು? ನೀರ ಬರೂ ದಿನ ಅಂತ. ಅವತ್ತ ನೀರು ಬರಲೇ ಇಲ್ಲ. ಖರೆ ಹೇಳ್ತೀನಿ, ಇಲ್ಲಿಗೆ ಬಂದಾಗಿಂದ ಜಲ್ದಿ ಹೊಳ್ಳಿ ಹೋಗಬೇಕು ಅನ್ನೂ ಚಿಂತಿ ಇಲ್ಲ ನನಗ.”

ನಾನು ಬೆತ್ತದ ತುದಿಯಲ್ಲಿ ಖಂಡಗಳನ್ನೆಲ್ಲ ಸುತ್ತುತ್ತಿದ್ದಾಗ ಇವಳು ಲಕ್ಷ್ಮೇಶ್ವರದ ತವರಿನಲ್ಲಿ ಕೂಡ ಒಂದು ರಾತ್ರಿ ನೆಮ್ಮದಿಯಾಗಿ ಉಳಿದಿರಲಿಲ್ಲ. ಮೆತ್ತಗಿನ ಹಪ್ಪಳವನ್ನು ಪೂರಾ ತಿಂದೆ. ಸಂಜೆ ಶಾರದಕ್ಕನಿಗೆ ಹೇಳಿ ಮನೆ ಕಾಯಂ ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ಗಿರಿಜಾ ಶಾರದಕ್ಕನ ಜೊತೆ ಮುರುಡೇಶ್ವರಕ್ಕೆ ಹೊರಟು ನಿಂತಳು. ತುಂಬಿಟ್ಟ ಕೊಡವೊಂದನ್ನು ಎತ್ತಿ ಪೂರಾ ದಾಸವಾಳದ ಬುಡಕ್ಕೆ ಸುರಿದು ಚಪ್ಪಲಿ ಮೆಟ್ಟಿದಳು.

“ಯಾವಾಗ ಬರ್ತಿ?” ಎಂದೆ.

“ಬಂದಾಗ ಬರ್ತೀನ್ರಿ” ಎಂದು ಹೊರಟೇಹೋದಳು. ನಮ್ಮ ಸಂಸಾರದಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಬಾಗಿಲು ಎಳೆದುಕೊಂಡು ನಾನೊಬ್ಬನೇ ಸಮುದ್ರ ನೋಡಲು ಹೋದೆ. ಅವತ್ತು ಅದೂ ಚೆನ್ನಾಗಿತ್ತು.