ಊರಿಗೊಂದು ಕಿವಿ, ತನಗೊಂದು

ದೊಡ್ಡವ್ವನ ಕಿವಿ ನೋಡಿದರೆ ಸಾಕಿತ್ತು, ಆವತ್ತು ಮಿಲ್ಲಿನಲ್ಲಿ ಏನು ಬೀಸಿದ್ದಾಳೆ ಅಂತ ಹೇಳಬಹುದಿತ್ತು. ಕಿವಿಯ ಮಡಿಕೆಯಲ್ಲಿ ಬೆಳಿಗ್ಗೆ ಅಕ್ಕಿಹಿಟ್ಟಿನ ಬಿಳುಪು, ಮಧ್ಯಾಹ್ನ ರಾಗಿಯ ಬೂದು, ಸಂಜೆ ಖಾರದಪುಡಿ ಬೀಸಿದ ಮೇಲೆ ಅಂಚಿಗೊಂದು ಕೆಂಪು ಗೆರೆ. ಮುಖ ತೊಳೆಯುತ್ತಿದ್ದಳು, ಕೈಕಾಲು ತೊಳೆಯುತ್ತಿದ್ದಳು, ಕಿವಿಯನ್ನು ಮಾತ್ರ ಹಾಗೇ ಬಿಡುತ್ತಿದ್ದಳು. ಯಾಕೆ ಅಂದರೆ, "ನಾಳಿಕೂ ಅದೇ ಇಟ್ಟೇ ತಾನೆ ಬಂದು ಕೂರದು, ಇರ್ಲಿ ಬುಡು" ಅನ್ನುತ್ತಿದ್ದಳು.

ಅವಳು ನನ್ನ ಅವ್ವನ ಅಕ್ಕ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಅವಳಿಗೆ ಮಕ್ಕಳಿರಲಿಲ್ಲ. ಗಂಡ ಚಿಕ್ಕ ವಯಸ್ಸಿಗೇ ಹೋದ ಮೇಲೆ ಅವನು ಇಟ್ಟಿದ್ದ ಹಿಟ್ಟಿನ ಮಿಲ್ಲನ್ನು ತಾನೇ ನಡೆಸಿದಳು. ಟಿ. ನರಸೀಪುರದಿಂದ ಮೂಗೂರಿನ ಕಡೆ ಹೋಗುವ ರಸ್ತೆಯಲ್ಲಿ, ನಮ್ಮ ಬೀದಿಯ ಬಾಯಲ್ಲೇ ಇತ್ತು ಆ ಮಿಲ್ಲು. ಬೀಸುವ ಕಲ್ಲಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲು ದೊಡ್ಡದಾಗಿಹೋಗಿತ್ತು. ಗುಟ್ಟು ಹೇಳಿದರೂ ಮೂರನೇ ಮನೆಗೆ ಕೇಳಿಸುತ್ತಿತ್ತು. "ಕಲ್ಲು ಬರೀದೆ ತಿರುಗಬಾರ್ದು, ಬಾಯಿ ಬರೀದೆ ಆಡಬಾರ್ದು" ಅನ್ನುವುದು ಅವಳ ಗಾದೆ. ಮೊದಲನೆಯದನ್ನು ಪಾಲಿಸಿದಳು. ಎರಡನೆಯದರ ವಿಷಯ ಬೇಡ.

ನನ್ನ ಮದುವೆ ಗೊತ್ತಾಯಿತು. ಹುಡುಗ ಕವಲಂದೆಯವನು, ನನ್ನ ಹಾಗೇ ನಂಜನಗೂಡಿನ ಕಾರ್ಖಾನೆಯ ಕೆಲಸ. ಎರಡೂ ಮನೆಯವರು ಬೌದ್ಧ ಪದ್ಧತಿಯಲ್ಲೇ ಮಾಡೋಣ ಅಂದರು. ನಮ್ಮ ಬೀದಿಯಲ್ಲಿ ಅಂಥ ಮದುವೆಗಳಿಗೆಲ್ಲ ಬುದ್ಧ, ಧಮ್ಮ, ಸಂಘಕ್ಕೆ ಶರಣು ಅನ್ನುವ ತ್ರಿಸರಣ, ಐದು ಶೀಲಗಳ ಪಂಚಶೀಲ ಹೇಳಿಕೊಡುತ್ತಿದ್ದವರು ಒಬ್ಬ ರಿಟೈರ್ಡ್ ಮೇಷ್ಟ್ರು. ಅವರು ಒಂದೊಂದು ಸಾಲು ಹೇಳುತ್ತಾರೆ, ಹೆಣ್ಣುಗಂಡು, ಬಂದ ಜನ ಎಲ್ಲ ಹಿಂದೆ ಹೇಳುತ್ತಾರೆ. ಕೊನೆಯಲ್ಲಿ ಜನ "ಸಾಧು, ಸಾಧು, ಸಾಧು" ಅಂದರೆ ಮುಗಿಯಿತು. ಆ ಮೇಷ್ಟ್ರ ಎದುರೇ ದೊಡ್ಡವ್ವ ಒಂದು ಸಂಜೆ ಘೋಷಣೆ ಮಾಡಿದಳು.

"ಸಾ, ಈ ಮದ್ವೇಲಿ ನಾನೇ ಏಳ್ಕೊಡ್ತೀನಿ."

ಮೇಷ್ಟ್ರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ದೊಡ್ಡವ್ವನಿಗೆ ಓದು ಬರುತ್ತಿರಲಿಲ್ಲ.

"ನೋಡಿ ಸಾ, ಗಂಡ ಸತ್ಮೇಲೆ ಎಷ್ಟು ಮದ್ವೆ ಆದೋ, ಎಲ್ಲಾದ್ರಲ್ಲೂ ನಾನು ಒಲೆ ಮುಂದೆ ಇಲ್ಲಾಂದ್ರೆ ಕಂಬದ್ ಇಂದೆ. ಇವಳವ್ವನ ಮದ್ವೇಲೂ ಅಂಗೇಯ. ಸ್ವಂತ ತಂಗಿ, ಅಕ್ಷತೆ ಆಕ್ಲಿಲ್ಲ ನಾನು. ಈಗ ಅದೆಲ್ಲ ಇಲ್ಲ, ಎಲ್ರೂ ಒಂದೇ ಅಂತೀರಲ್ಲ ನೀವು? ಅಂಗಾರೆ ಮುಂದೆ ನಿಲ್ಸಿ ನನ್ನ. ನೋಡೇ ಬುಡಾನ."

ಮೇಷ್ಟ್ರು ಅವಳ ಫೋನನ್ನೇ ಇಸಿದುಕೊಂಡು, ಪೂರ್ತಿ ಪಾಠವನ್ನು ನಿಧಾನವಾಗಿ ತಮ್ಮ ದನಿಯಲ್ಲಿ ರೆಕಾರ್ಡ್ ಮಾಡಿಕೊಟ್ಟರು. "ಕೇಳಿ ಕೇಳಿ ಬಾಯಿಪಾಠ ಮಾಡವ್ವ. ಒಂದಕ್ಷರ ತಪ್ಪಿದ್ರೂ ನಾನು ಪಕ್ಕದಲ್ಲೇ ಇರ್ತೀನಿ" ಅಂದರು.

ಕೇಳುವುದಾದರೂ ಯಾವಾಗ? ಮನೆಗೆ ಬಂದು ತಲೆ ಗೋಡೆಗೆ ಒರಗಿಸಿದರೆ ನಿದ್ದೆ. ಉಳಿದದ್ದು ಮಿಲ್ಲು. ಅಲ್ಲಿ ಫೋನಿನ ಸ್ಪೀಕರ್ ಎಷ್ಟು ಜೋರು ಮಾಡಿದರೂ ಮೇಷ್ಟ್ರ ದನಿ ರಾಗಿಯ ಜೊತೆ ಪುಡಿಯಾಗಿ ಹೋಗುತ್ತಿತ್ತು. "ನೀನು ಬಸ್ನಾಗೆ ಕಿವಿಗ್ ಆಕಂಡು ಓಯ್ತೀಯಲ್ಲ, ಅದ್ನ ನಂಗೂ ಒಂದು ತತ್ತಾ ಮಗ" ಅಂದಳು. ನನ್ನ ತಲೆನೋವು ಶುರುವಾದದ್ದು ಅಲ್ಲಿಂದ.

ನನಗೆ ಸೀರೆ ಅಂಗಡಿಯಲ್ಲೇ ಎರಡರಲ್ಲಿ ಒಂದು ಆರಿಸಲು ಬರುವುದಿಲ್ಲ. ನಂಜನಗೂಡಿನ ಮೊಬೈಲ್ ಅಂಗಡಿಯವನು ಗಾಜಿನ ಮೇಲೆ ಒಂದು ಸಂತೆಯನ್ನೇ ಹರಡಿದ. ವೈರಿಂದು, ವೈರಿಲ್ಲದ್ದು, ಕುತ್ತಿಗೆಗೆ ಜೋತುಬೀಳುವುದು, ಕಿವಿಯೊಳಗೆ ತೂರುವುದು, ಕಿವಿಯನ್ನೇ ಮುಚ್ಚುವುದು. "ಎಲ್ಲಿ ಕೇಳಕ್ಕೆ ಮೇಡಂ? ಬಸ್ಸಲ್ಲಾ, ಬೈಕಲ್ಲಾ?" ಅಂದ. ಹಿಟ್ಟಿನ ಮಿಲ್ಲಿನಲ್ಲಿ ಅಂದೆ. ಅವನು ಕೈಲಿದ್ದ ಡಬ್ಬಿಯನ್ನು ಕೆಳಗಿಟ್ಟ. "ಗಾಯತ್ರಿ ಮಂತ್ರ ಕೇಳೋರಿಗೆ ಕೊಟ್ಟಿದೀನಿ, ಕ್ರಿಕೆಟ್ ಕೇಳೋರಿಗೆ ಕೊಟ್ಟಿದೀನಿ. ಮಿಲ್ಲಿಗೆ ಯಾರೂ ಕೇಳಿಲ್ಲ ಕಣ್ರೀ" ಅಂತ ಅವನೂ ತಲೆ ಕೆರೆದುಕೊಂಡ. ನನ್ನ ಹುಡುಗನಿಗೆ ಫೋನ್ ಮಾಡಿದರೆ, ಕಿವಿಯೊಳಗೆ ಬಿಗಿಯಾಗಿ ಕೂರುವುದೇ ಸರಿ ಅಂದ. ಕಾರ್ಖಾನೆಯ ಗೆಳತಿ, ಅದರಿಂದ ಕಿವಿ ಹಾಳು, ದೊಡ್ಡದೇ ತಗೋ ಅಂದಳು. ಇಬ್ಬರ ಮಾತೂ ಸರಿ ಅನ್ನಿಸಿತು, ಅದೇ ಕಷ್ಟ.

ಮೊದಲು ತಂದದ್ದು ರಬ್ಬರ್ ತುದಿಯ ವೈರಿನದು. ಬೆವರಿಗೆ ಜಾರಿ ಜಾರಿ ಬೀಳುತ್ತಿತ್ತು, ತೂತಿಗೆ ಹಿಟ್ಟು ಕೂತು ಮೇಷ್ಟ್ರಿಗೆ ನೆಗಡಿ ಬಂದ ಹಾಗೆ ಕೇಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ತಿರುಗುವ ಬೆಲ್ಟಿನ ಪಕ್ಕದಲ್ಲಿ ಆ ವೈರು ತೂಗಾಡುತ್ತಿತ್ತು, ಎಲ್ಲಿ ಸುತ್ತಿಕೊಳ್ಳುತ್ತದೋ ಅನ್ನಿಸಿತು. ನಾನೇ ಕಿತ್ತು ಚೀಲಕ್ಕೆ ಹಾಕಿಕೊಂಡೆ.

ಎರಡನೆಯದು ಕಿವಿ ಪೂರ್ತಿ ಮುಚ್ಚುವ ದೊಡ್ಡದು, ಹೊರಗಿನ ಸದ್ದನ್ನು ತಾನೇ ಅಡಗಿಸುತ್ತದಂತೆ. ತಲೆಯ ಸೆರಗಿನ ಮೇಲೇ ಹಾಕಿ ಗುಂಡಿ ಒತ್ತಿದೆ. ದೊಡ್ಡವ್ವ ಗಾಬರಿಯಾಗಿ ಎದ್ದು ನಿಂತಳು.

"ಅಯ್ಯೋ, ಕರೆಂಟೋಯ್ತು ಕಣೇ!"

ಬೆಲ್ಟು ನೋಡಿದಳು, ತಿರುಗುತ್ತಿತ್ತು. ಹಿಟ್ಟು ಬೀಳುವ ಬಟ್ಟೆಯ ತೂಬಿಗೆ ಕೈ ಒಡ್ಡಿದಳು, ಬಿಸಿ ಹಿಟ್ಟು ಬೀಳುತ್ತಿತ್ತು. ಹೆಡ್‌ಫೋನನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. "ಮಿಲ್ಲೂ ಓಡ್ತದೆ, ಸದ್ದೂ ಇಲ್ಲ. ಇದ್ಯಾವ ಮಾಟವೇ ತಾಯಿ" ಅಂದಳು. ಅಷ್ಟು ವರ್ಷದಲ್ಲಿ ಓಡುವ ಮಿಲ್ಲಿನೊಳಗೆ ಅವಳು ನಿಶ್ಶಬ್ದ ಕಂಡದ್ದು ಅದೇ ಮೊದಲು. ಗೋಡೆ ಹಿಡಿದು ಕೂತು, ಕಣ್ಣು ಮುಚ್ಚಿ, ತುಟಿ ಆಡಿಸತೊಡಗಿದಳು. ನನಗೆ ಖುಷಿಯೋ ಖುಷಿ, ಗೆದ್ದೆ ಅಂದುಕೊಂಡೆ.

ಆ ವಾರವೇ ಎಡವಟ್ಟಾಯಿತು. ಮೇಲೆ ಸುರಿದ ಕಾಳು ಮುಗಿಯುತ್ತಾ ಬಂದರೆ ಮಿಲ್ಲಿನ ಸದ್ದು ಬದಲಾಗುತ್ತದೆ. ಆ ಸದ್ದು ಕೇಳಿದ ಕೂಡಲೇ ಇನ್ನೊಂದು ಸೇರು ಸುರಿಯಬೇಕು, ಇಲ್ಲ ನಿಲ್ಲಿಸಬೇಕು. ಕಿವಿ ಮುಚ್ಚಿಕೊಂಡು ಕೂತವಳಿಗೆ ಅದು ಕೇಳಲೇ ಇಲ್ಲ. ಕಾಳು ಖಾಲಿಯಾಗಿ ಕಲ್ಲಿಗೆ ಕಲ್ಲು ಉಜ್ಜಿ, ಸುಟ್ಟ ವಾಸನೆ ಬಂದು, ಎದುರು ಮನೆಯವಳು ಓಡಿ ಬಂದು ಭುಜ ಅಲ್ಲಾಡಿಸುವವರೆಗೂ ದೊಡ್ಡವ್ವ ಪಂಚಶೀಲದಲ್ಲಿದ್ದಳು. ರಾಗಿ ಆ ಎದುರು ಮನೆಯವಳದೇ. ಮಾರನೇ ದಿನ ಅವಳು ಜಗಳಕ್ಕೆ ಬಂದಳು.

"ನಿನ್ ಇಟ್ಟಲ್ಲಿ ಕಲ್ಲದೆ ಕಣಕ್ಕ. ಮುದ್ದೆ ಉಣ್ಣಕ್ಕಾಗ್ನಿಲ್ಲ."

"ಮುದ್ದೆ ಅಗೀತಿಯೇನಮ್ಮಿ ನೀನು? ನುಂಗೋಳ್ಗೆ ಕಲ್ಲೆಂಗೆ ಸಿಕ್ತು?"

ಬೀದಿಯೆಲ್ಲ ನಕ್ಕಿತು. ಆದರೆ ದೊಡ್ಡವ್ವ ಬಾಯಲ್ಲಿ ಹಾಗೆ ಅಂದವಳು, ಒಳಗೆ ಹೋಗಿ ತನ್ನ ಮನೆಯ ರಾಗಿಯನ್ನೇ ಬೀಸಿ ಅವಳ ಡಬ್ಬ ತುಂಬಿಸಿ ಕೊಟ್ಟಳು. ಆ ದೊಡ್ಡ ಹೆಡ್‌ಫೋನನ್ನು ಮೊಳೆಗೆ ನೇತುಹಾಕಿದಳು. "ಒಳ್ಳೇದೇ ಕಣ್ಮಗ ಅದು. ನಮ್ಮಂತೋರ್ಗಲ್ಲ" ಅಂದಳು. ಆ ದೊಡ್ಡ ದನಿ ಆಸೆ ಬಿಟ್ಟವರ ಹಾಗೆ ಸಣ್ಣಗಾಗಿತ್ತು. ಕಂಬದ ಹಿಂದೆಯೇ ನಿಂತುಬಿಡುತ್ತಾಳೇನೋ ಈ ಸಲವೂ ಅಂತ ಭಯವಾಯಿತು.

ಮೂರನೆಯದು ವೈರಿಲ್ಲದ, ಕಿವಿಗೆ ಕೊಕ್ಕೆ ಹಾಕುವ, ಒಂದೇ ಕಿವಿಯದು. ಲಾರಿ ಡ್ರೈವರುಗಳು ಹಾಕುತ್ತಾರಲ್ಲ, ಅಂಥದ್ದು. ಈಗ ಯಾವ ಕಿವಿಗೆ ಅನ್ನುವುದು ಪ್ರಶ್ನೆ. ಯಾವಾಗಲೂ ಮಿಲ್ಲಿನ ಕಡೆಗೇ ಇರುತ್ತಿದ್ದ ಅವಳ ಎಡಗಿವಿ ಮಂದವಾಗಿತ್ತು. ಬಲಗಿವಿ ಚೆನ್ನಾಗಿತ್ತು. ಬಲಕ್ಕೆ ಹಾಕಿದರೆ ಪಾಠ ಕೇಳುತ್ತದೆ, ಮಿಲ್ಲು ಕೇಳುವುದಿಲ್ಲ. ಎಡಕ್ಕೆ ಹಾಕಿದರೆ ಮಿಲ್ಲು ಕೇಳುತ್ತದೆ, ಪಾಠ ಅರ್ಧಂಬರ್ಧ. ನಾನು ಬಲಕ್ಕೆ ಹಾಕಲು ಹೋದೆ, ಅವಳು ಕೈ ತಡೆದಳು.

"ಬಲಗಿವಿ ಊರೋರ್ದು ಮಗ. ಅವ್ರ ರಾಗಿ ಕಾಯಕ್ಕೆ ಬೇಕದು. ಎಡಗಿವಿ ನಂದು. ನಂದಕ್ಕೆ ಆಕು."

"ಅದ್ರಲ್ಲಿ ಸರಿಯಾಗಿ ಕೇಳ್ಸಲ್ವಲ್ಲ ದೊಡ್ಡವ್ವ?"

"ಒಂದ್ಸಲಕ್ಕೆ ಕೇಳ್ಸಲ್ಲ. ನೂರು ಸಲಕ್ಕೆ ಕೇಳ್ಸದೇನು?"

ಹಿಟ್ಟಿನ ಕೈಯಲ್ಲಿ ಪ್ರತಿಸಲವೂ ಫೋನ್ ಒತ್ತುವುದು ಬೇಡವೆಂದು, ರೆಕಾರ್ಡು ಮುಗಿದ ಕೂಡಲೇ ತಾನಾಗಿಯೇ ಮತ್ತೆ ಶುರುವಾಗುವ ಹಾಗೆ ಮಾಡಿಕೊಟ್ಟೆ. ಮದುವೆಯ ತನಕ ಮೇಷ್ಟ್ರು ಅವಳ ಮಂದ ಕಿವಿಯೊಳಗೆ ಬಿಡುವಿಲ್ಲದೆ ತಿರುಗಿದರು. ನಮಗೆ ಒಪ್ಪಿಸು ಅಂದರೆ ಮಾತ್ರ ಒಪ್ಪಿಸಲಿಲ್ಲ. "ಬೇಯೋ ಮುದ್ದೇನ ಯಾರೂ ಮುಟ್ಟಿ ನೋಡಲ್ಲ" ಅಂದಳು.

ನರಸೀಪುರದ ಕಲ್ಯಾಣ ಮಂಟಪದಲ್ಲಿ ಅವಳು ಬಿಳಿ ಸೀರೆ ಉಟ್ಟು ಮುಂದೆ ಬಂದು ನಿಂತಳು. ಆವತ್ತು ಕಿವಿ ತೊಳೆದಿದ್ದಳು, ನಾನು ನೋಡಿದೆ. ಮೈಕ್ ಕೊಡಲು ಬಂದವನನ್ನು ಮೇಷ್ಟ್ರೇ ಬೇಡ ಅಂದರು. ಮಿಲ್ಲಿನ ಗಂಟಲಲ್ಲಿ ಮೊದಲ ಸಾಲು ಬಂದಾಗ ಊಟದ ಹಾಲ್‌ನಲ್ಲಿ ಕೂತಿದ್ದವರೂ ಎದ್ದು ಬಂದರು. ಒಂದು ಸಾಲೂ ತಪ್ಪಲಿಲ್ಲ. ನಮಗೇ ನಾಲಿಗೆ ಹೊರಳದ ಪಾಳಿ ಭಾಷೆಯ ಪದಗಳು ಅವಳ ಬಾಯಲ್ಲಿ ಸಲೀಸಾಗಿ ಬಂದವು. ಹಿಂದೆ ಹೇಳುತ್ತಾ ಹೇಳುತ್ತಾ ನನಗೆ ಅಳು ಬಂತು. ಐದನೇ ಶೀಲ ಮುಗಿಯಿತು. ಜನ "ಸಾಧು, ಸಾಧು, ಸಾಧು" ಅಂದರು.

ದೊಡ್ಡವ್ವ ಕಕ್ಕಾಬಿಕ್ಕಿಯಾಗಿ ಜನರನ್ನು ನೋಡಿದಳು. ಸಾಧು ಅನ್ನುವುದು ಕೂತವರ ಕೆಲಸ, ಅದು ಮೇಷ್ಟ್ರ ರೆಕಾರ್ಡಿನಲ್ಲಿ ಇರಲಿಲ್ಲ. ಒಂದು ಉಸಿರು ಎಳೆದುಕೊಂಡು ಮತ್ತೆ ಮೊದಲ ಸಾಲಿನಿಂದ ಶುರು ಮಾಡಿದಳು. ನಾನು ಗಂಡಿನ ಮುಖ ನೋಡಿದೆ, ಅವನು ಮೇಷ್ಟ್ರ ಮುಖ ನೋಡಿದ, ಮೇಷ್ಟ್ರು ನೆಲ ನೋಡಿದರು. ಹಿಂದೆ ಹೇಳಬೇಕೋ ಬಿಡಬೇಕೋ ಯಾರಿಗೂ ತಿಳಿಯಲಿಲ್ಲ. ಬಿಡುವುದಕ್ಕೆ ಯಾರಿಗೂ ಧೈರ್ಯ ಬರದೆ ಎಲ್ಲರೂ ಹೇಳಿದೆವು. ಪೂರ್ತಿ ಇನ್ನೊಂದು ಸುತ್ತು ಆಯಿತು. ಮೂರನೆಯದಕ್ಕೆ ಅವಳು ಬಾಯಿ ತೆರೆದಾಗ ನಾನು ಕೈ ಹಿಡಿದೆ.

"ಮುಗೀತು ದೊಡ್ಡವ್ವ."

"ಮುಗೀತದಾ ಇದು?" ಅಂದಳು, ಮಂಟಪಕ್ಕೆಲ್ಲ ಕೇಳುವ ಹಾಗೆ. "ಮೊಬೈಲ್ನಾಗೆ ಮುಗಿಯದೇ ಇಲ್ವಲ್ಲೇ!"

ಜನ ನಕ್ಕರು, ಅವಳೂ ನಕ್ಕಳು. ಊಟಕ್ಕೆ ಅವಳನ್ನು ಮೊದಲ ಪಂಕ್ತಿಯಲ್ಲಿ, ಮೇಷ್ಟ್ರ ಪಕ್ಕದಲ್ಲಿ ಕೂರಿಸಿದರು. ಒಲೆಯ ಕಡೆ ಹೋಗುತ್ತೇನೆಂದು ಎರಡು ಸಲ ಎದ್ದಳು, ಮೇಷ್ಟ್ರು ಎರಡು ಸಲವೂ ಕೂರಿಸಿದರು.

ಹೋದ ವರ್ಷ ಅವಳು ತೀರಿಕೊಂಡಳು, ಮಿಲ್ಲಿನಿಂದ ಬಂದು ಗೋಡೆಗೆ ಒರಗಿದವಳು ಏಳಲಿಲ್ಲ. ಆ ಒಂಟಿ ಕಿವಿಯದು ಈಗ ನನ್ನ ಹತ್ತಿರ ಇದೆ. ನಂಜನಗೂಡಿನ ಬಸ್ಸಿನಲ್ಲಿ ಹಾಕಿಕೊಳ್ಳುತ್ತೇನೆ, ಎಡಕ್ಕೆ ಹಾಕಲೋ ಬಲಕ್ಕೆ ಹಾಕಲೋ ಅಂತ ಈಗಲೂ ಒಂದು ಕ್ಷಣ ಗಲಿಬಿಲಿಯಾಗುತ್ತದೆ. ಅದರ ಸಂದಿಯಲ್ಲಿ ಕೂತ ರಾಗಿಹಿಟ್ಟನ್ನು ನಾನು ಒರೆಸಿಲ್ಲ.

ಅವಳನ್ನು ಮಣ್ಣು ಮಾಡುವ ದಿನ ಮನೆಯ ಮುಂದೆ ಜನವೋ ಜನ. ಮಿಲ್ಲು ನಿಂತಿತ್ತು, ಬೀದಿ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ಕಂಡಿರಲಿಲ್ಲ. ಮೇಷ್ಟ್ರು ತ್ರಿಸರಣ, ಪಂಚಶೀಲ ಹೇಳಿದರು, ನಾವು ಹಿಂದೆ ಹೇಳಿದೆವು. ಐದನೇ ಶೀಲ ಮುಗಿಯಿತು. ಈಗ ನಾವು ಸಾಧು ಅನ್ನಬೇಕು, ಅಂದ ಕೂಡಲೇ ಅವಳನ್ನು ಎತ್ತುತ್ತಾರೆ. ಯಾರೂ ಅನ್ನಲಿಲ್ಲ. ಕಲ್ಲಿನ ಜಗಳ ತೆಗೆದಿದ್ದ ಎದುರು ಮನೆಯವಳು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಮೇಷ್ಟ್ರು ನಮ್ಮ ಮುಖ ನೋಡಿದರು, ಮತ್ತೆ ಮೊದಲ ಸಾಲಿನಿಂದ ಶುರು ಮಾಡಿದರು.