ತಿಂಗಳು ಕೂಗುತ್ತಿದ್ದವನ ದಿನ

ನನ್ನ ಗಂಡ ವಿಬಿಯಸ್ ಪುರೋಹಿತರ ಬಾಯಿಯಾಗಿದ್ದ. ಹೊಸ ತಿಂಗಳ ಮೊದಲ ಬೆಳಿಗ್ಗೆ ಗುಡ್ಡದ ಗುಡಿಯ ಮುಂದೆ ನಿಂತು, ಇಂಥ ತಿಂಗಳು ಬಂತು, ಇಂಥ ದಿನ ಹಬ್ಬ ಎಂದು ರೋಮಿಗೆಲ್ಲ ಕೇಳುವಂತೆ ಕೂಗುವುದು ಅವನ ಕೆಲಸ. ಲೆಕ್ಕ ಹಾಕುವವರು ಅವರು, ಬೈಸಿಕೊಳ್ಳುವವನು ಇವನು.

ಹುಟ್ಟಿದ್ದು ಪುರೋಹಿತನೊಬ್ಬನ ಮನೆಯಲ್ಲಿ, ಗುಲಾಮನಾಗಿ. ಗಂಟಲು ಚೆನ್ನಾಗಿದೆಯೆಂದು ಬಿಡುಗಡೆ ಮಾಡಿದರು. ಮತ್ತೆ ಅದೇ ಗಂಟಲನ್ನು ಸಾಯುವ ತನಕ ದುಡಿಸಿಕೊಂಡರು. ಅದಕ್ಕೂ ಅವನಿಗೆ ಹೆಮ್ಮೆ. ಕೂಗುವ ಹಿಂದಿನ ಸಂಜೆ ಜೇನು ಬೆರೆಸಿದ ದ್ರಾಕ್ಷಾರಸ ಬಿಸಿಮಾಡಿ ಕುಡಿದು ಬಾಯಿ ಮುಚ್ಚಿದನೆಂದರೆ, ಏನು ಕೇಳಿದರೂ ಕೈಸನ್ನೆ. ಮರುದಿನ ಕೂಗಿ ಬಂದವನಿಗೆ ಮಾತೋ ಮಾತು.

"ನಾನು ಕೂಗೋ ತನಕ ತಿಂಗಳು ಹುಟ್ಟಲ್ಲ ಕಣೇ. ಹಿಂದಿನ ತಿಂಗಳು ಸತ್ತಿರುತ್ತೆ, ಮುಂದಿಂದು ಹುಟ್ಟಿರಲ್ಲ. ಆ ಹೊತ್ತು ಯಾರದ್ದೂ ಅಲ್ಲ."

"ಹೌದೌದು, ದೊಡ್ಡ ಸೂಲಗಿತ್ತಿ ನೀನು. ಕಾಲು ತೊಳ್ಕೊಂಡು ಬಾ, ಗಂಜಿ ಆರ್ತಿದೆ."

ಇನ್ನು ಆ ಪುರೋಹಿತರು. ತಿಂಗಳುಗಳು ಋತುವಿಗೆ ಹೊಂದದೆ ಹೋದಾಗ ಅಧಿಕ ತಿಂಗಳೊಂದನ್ನು ಸೇರಿಸಿ ಸರಿಮಾಡುವುದು ಅವರಿಗೆ ಬಿಟ್ಟ ಕೆಲಸ. ಗೆಳೆಯ ಅಧಿಕಾರದಲ್ಲಿದ್ದರೆ, ಅವನ ವರ್ಷ ಉದ್ದವಾಗಲೆಂದು ಸೇರಿಸಿದರು. ಆಗದವನಿದ್ದರೆ ಮರೆತರು. ಮರೆತು ಮರೆತು ತಿಂಗಳುಗಳು ಋತುಗಳನ್ನು ಹಿಂದೆ ಬಿಟ್ಟು ಓಡಿದವು. ಸುಗ್ಗಿ ಹಬ್ಬ ಬಂದಾಗ ಗೋಧಿ ಇನ್ನೂ ಹಸಿರು. ದ್ರಾಕ್ಷಿ ಹಬ್ಬಕ್ಕೆ ಹುಳಿಕಾಯಿ. ಅವರ ಮನೆಗೆ ಹೋಗಿ ಕೇಳುವ ಗಂಡಸು ರೋಮಿನಲ್ಲಿರಲಿಲ್ಲ. ಕೇಳುವುದೆಲ್ಲ ನಮ್ಮ ಬೀದಿಯಲ್ಲಿ.

ಬೇಯಿಸಿದ ಕಾಳು ಮಾರುವ ಟ್ರೆಬಿಯಾ ಅವನನ್ನು ಕಂಡರೆ ಬಿಡುತ್ತಿರಲಿಲ್ಲ.

"ಏನಪ್ಪಾ ವಿಬಿಯಸ್, ಸುಗ್ಗಿ ಬಂತು ಅಂತ ಕೂಗಿದ್ಯಂತೆ. ಏನು ಕೊಯ್ಯಲಿ, ಹುಲ್ಲಾ?"

"ನಾನೇನು ಮಾಡ್ಲವ್ವಾ, ಹೇಳಿದ್ದನ್ನ ಕೂಗಿದೆ."

"ಕತ್ತೆನೂ ಹಂಗೇ ಅನ್ನುತ್ತೆ."

ಅವನು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ಕೊನೆಗೆ ರೋಮಿನ ಸರ್ವಾಧಿಕಾರಿಯೇ ಕೈಹಾಕಿದ. ಹೊರಗಿನ ಪಂಡಿತರನ್ನು ಕೇಳಿ, ಇನ್ನು ಮುಂದೆ ಸೂರ್ಯನನ್ನು ನೋಡಿ ವರ್ಷ ಎಣಿಸಿ ಎಂದ. ಹಳೆಯ ಕಸ ಗುಡಿಸಲು ಆ ಒಂದು ವರ್ಷ ಮಾತ್ರ ನವೆಂಬರಿಗೂ ಡಿಸೆಂಬರಿಗೂ ನಡುವೆ ಎರಡು ತಿಂಗಳು ತುರುಕಿದರು. ಕೂಗಿದವನು ನನ್ನ ಗಂಡ. ಎರಡನೆಯದನ್ನು ಚಳಿಮಳೆಯಲ್ಲಿ ನಿಂತು ಕೂಗಿ ಬಂದ. ಎದೆ ಕಟ್ಟಿತು. ಆ ತಿಂಗಳು ಮುಗಿಯುವುದರೊಳಗೆ ಸತ್ತ. ಪುರೋಹಿತರ ಕಡೆಯಿಂದ ಒಬ್ಬನೂ ಬರಲಿಲ್ಲ. ಹೊಸ ಗಂಟಲು ಹುಡುಕುತ್ತಿದ್ದರಂತೆ.

ಮರುವರ್ಷ ಅವನು ಸತ್ತ ದಿನಕ್ಕೆ ರೊಟ್ಟಿ, ದ್ರಾಕ್ಷಾರಸ ಇಡಬೇಕು. ಅವನ ದಿನ ತಪ್ಪಿದರೆ ಅವನು ಹಸಿದೇ ಇರುತ್ತಾನೆ. ಆ ದಿನ ಯಾವುದು ಎಂದು ಕೇಳಲು ಪುರೋಹಿತ ಮಿನಾಟಿಯಸನ ಮನೆಗೆ ಹೋದೆ. ಇವನನ್ನು ಬಿಡುಗಡೆ ಮಾಡಿದ ಮನೆಯೇ ಅದು.

"ಯಾವ ತಿಂಗಳಲ್ಲಿ ಸತ್ತ?"

"ನೀವು ಸೇರಿಸಿದ್ರಲ್ಲ ಸ್ವಾಮಿ, ಆ ಎರಡನೇದರಲ್ಲಿ."

"ಅದು ಈಗ ಇಲ್ಲಮ್ಮ. ಇನ್ನು ಬರೋದೂ ಇಲ್ಲ."

"ನನ್ನ ಗಂಡ ಸತ್ತಿದ್ದಾದ್ರೂ ನಿಜ ತಾನೇ?"

"ಫೆಬ್ರವರಿಯಲ್ಲಿ ಊರವರೆಲ್ಲ ಸತ್ತವರಿಗೆ ಇಡ್ತಾರಲ್ಲ, ಆಗ ನೀನೂ ಇಡು. ಅದರಲ್ಲೇ ಬಂತು."

ಹೇಳಿ ಅಂಜೂರ ಬಾಯಿಗೆ ಹಾಕಿಕೊಂಡ. ಗೆಳೆಯರಿಗೆ ಇಡೀ ತಿಂಗಳು ದಾನ ಕೊಟ್ಟವರು ಇವರು. ಇವರಿಗೋಸ್ಕರ ಗಂಟಲು ಹರಿದುಕೊಂಡವನಿಗೆ ಒಂದು ದಿನ ಕೊಡಲಾಗಲಿಲ್ಲ. ಅವನ ಹೊಸಿಲ ಮೇಲೆ ಉಗಿದು ಬಂದೆ.

ದಿನ ಅವರು ಕೊಡದಿದ್ದರೆ ಬೇಡ. ಯಾರದ್ದೂ ಅಲ್ಲದ ಹೊತ್ತೊಂದಿದೆಯೆಂದು ನನ್ನ ಗಂಡನೇ ಹೇಳಿದ್ದನಲ್ಲ. ಅವನು ಸತ್ತ ತಿಂಗಳನ್ನು ತುರುಕಿದ್ದೂ ಅಂಥದೇ ಸಂದಿಯಲ್ಲಿ. ನವೆಂಬರ್ ಮುಗಿದ ಮಾರನೆಯ ಬೆಳಿಗ್ಗೆ, ಡಿಸೆಂಬರ್ ಕೂಗುವ ಮೊದಲೇ ಗುಡ್ಡ ಹತ್ತಿದೆ. ಅವನ ಬೂದಿ ಊರಾಚೆ ಇದೆ. ಅವನು ನಿಲ್ಲುತ್ತಿದ್ದ ಕಲ್ಲು ಇಲ್ಲಿದೆ. ಅದರ ಮೇಲೆ ರೊಟ್ಟಿ ಇಟ್ಟೆ.

ಹೊಸ ಕೂಗುವವನು ಬಂದ. ಕುರಿ ದನಿ.

"ಅಜ್ಜಿ, ಸರಿ ಆಚೆ. ನಾನು ಕೂಗಬೇಕು."

"ಈಗಲೇ ಕೂಗಬೇಡ."

"ಹುಚ್ಚಾ ನಿನಗೆ? ಒಳಗೆ ಪುರೋಹಿತರು ಕಾಯ್ತಿದ್ದಾರೆ."

"ಕಾಯಲಿ. ನಿನಗಿಂತ ಮೊದಲು ಇಲ್ಲಿ ನಿಂತಿದ್ದವನಿಗೆ ಉಣ್ಣೋಕಿಡ್ತಿದ್ದೀನಿ. ನಾಳೆ ನಿನ್ನ ಹೆಂಡತಿನೂ ಬರ್ತಾಳೆ, ನೋಡ್ತಿರು."

ಅವನು ಬಾಯಿ ಮುಚ್ಚಿ ನಿಂತ. ಒಳಗಿನಿಂದ ಯಾರೋ ಗದರಿದರು. ಆದರೂ ಕೂಗಲಿಲ್ಲ.

ಜೇನು ಬೆರೆಸಿದ ದ್ರಾಕ್ಷಾರಸ ಬಿಸಿಯಾಗಿಯೇ ತಂದಿದ್ದೆ. ನಿಧಾನವಾಗಿ ಎರೆದೆ. ಅವನು ಗಂಟಲಿಗೆ ಬಿಟ್ಟುಕೊಳ್ಳುತ್ತಿದ್ದಷ್ಟೇ ನಿಧಾನವಾಗಿ. ಕಲ್ಲು ಹೊಗೆಯಾಡಿತು. ಬಟ್ಟಲು ಬರಿದಾದ ಮೇಲೆ ಎದ್ದೆ.

"ಹೂಂ, ಈಗ ಕೂಗು."

ಕೂಗಿದ. ಗುಡ್ಡದ ಕೆಳಗೆ ಯಾರಿಗೂ ಕೇಳಿಸಿರಲಿಕ್ಕಿಲ್ಲ.