ಬೇಸ್ ಗಿಟಾರಿನ ಜೀವ

ನಾಲ್ಕು ತಂತಿ ಇದ್ದದ್ದೇ ಎಲ್ಲದಕ್ಕೂ ಕಾರಣ. ತೊಂಬತ್ತರ ದಶಕದ ಆರಂಭದಲ್ಲಿ ಬೈಲಹೊಂಗಲದ ಆರ್ಕೆಸ್ಟ್ರಾದವರು ಎಲ್ಲಿಂದಲೋ ಒಂದು ಹಳೆಯ ಬೇಸ್ ಗಿಟಾರು ತಂದರು. ನುಡಿಸಬಲ್ಲವರು ಯಾರೂ ಇರಲಿಲ್ಲ. ತಂಬೂರಿಗೂ ನಾಲ್ಕೇ ತಂತಿ, ದೊಡವಾಡದ ಭಜನೆಯಲ್ಲಿ ತಂಬೂರಿ ಹಿಡಿದು ಕೂರುವವರೊಬ್ಬರಿದ್ದಾರೆ, ಅವರಿಗೇ ಕೊಟ್ಟರಾಯಿತು ಎಂದು ಯಾರೋ ಹೇಳಿದರಂತೆ. ಹಾಗೆ ಅದು ನನ್ನ ಸೋದರಮಾವನ ಕೈಗೆ ಬಂತು.

ಮಾವ ಅದನ್ನು ತಂಬೂರಿಯ ತಮ್ಮನೆಂದೇ ಬಗೆದರು. ತಂಬೂರಿಯಲ್ಲಿ ತಂತಿ ಒರಗುವ ಕುದುರೆಯ ಮೇಲೆ, ಪ್ರತಿ ತಂತಿಯ ಅಡಿಗೂ ಒಂದೆಳೆ ನೂಲು ಸಿಕ್ಕಿಸುತ್ತಾರೆ. ಸರಿಯಾದ ಜಾಗಕ್ಕೆ ಅದನ್ನು ಸರಿಸಿದರೆ ನಾದ ಅರಳಿ ಬಹಳ ಹೊತ್ತು ನಿಲ್ಲುತ್ತದೆ. ಆ ನೂಲಿಗೆ ಜೀವ ಎಂದೇ ಹೆಸರು. ಮಾವ ಬೇಸ್ ಗಿಟಾರಿಗೂ ಜೀವ ಹಾಕಿದರು. ಅಲ್ಲಿ ಅದು ಉಲ್ಟಾ ಕೆಲಸ ಮಾಡಿತು. ಹತ್ತಿ ತುಂಬಿದ ಅಂಡಿಗೆಯನ್ನು ಗುದ್ದಿದಂತೆ ದುಮ್ ಎಂದು ಹುಟ್ಟಿದ ದನಿ ಅಲ್ಲೇ ಅಡಗುತ್ತಿತ್ತು. ಮಾವನಿಗೆ ಅದೇ ಹಿಡಿಸಿತು. ತಾಳಕ್ಕೆ ಗಟ್ಟಿ ನೆಲ ಸಿಕ್ಕಂತಾಗುತ್ತದೆ ಎನ್ನುತ್ತಿದ್ದರು. ಧಾರವಾಡದಲ್ಲಿ ಭೌತಶಾಸ್ತ್ರ ಓದುತ್ತಿದ್ದ ನಾನು, ಇದು ಜೀವ ಹಾಕುವುದಲ್ಲ, ತೆಗೆಯುವುದು ಎಂದು ವಾದಿಸುತ್ತಿದ್ದೆ.

ಕೀಬೋರ್ಡಿನವನು ವಾದಿಸಲಿಲ್ಲ. ರಾಮದುರ್ಗದ ಒಂದು ಮದುವೆಯಲ್ಲಿ ಮೈಕು ಹಿಡಿದು, "ನಮ್ಮ ಗಿಟಾರದ್ದು ಮುಂಜಿವಿ ಆಗೇತ್ರಿ, ಜನಿವಾರ ನೋಡ್ರಿ" ಎಂದು ನೂಲು ತೋರಿಸಿದ. ಮಂಟಪವೆಲ್ಲ ನಕ್ಕಿತು. ನಾನು ಅಲ್ಲಿದ್ದೆ ಎಂದೇ ನೆನಪು. ಆದರೆ ಆಗ ನನ್ನ ಪರೀಕ್ಷೆ ನಡೆದಿತ್ತೆಂದು ಅವ್ವ ಹೇಳುತ್ತಾಳೆ. ಹಾಗಾದರೆ ಮಾವನ ಕಿವಿ ಕೆಂಪಾದದ್ದನ್ನು ನಾನು ಎಲ್ಲಿ ನೋಡಿದೆ?

ಮುಂದೆ ಕೀಬೋರ್ಡಿನಲ್ಲೇ ಬೇಸಿನ ತಗ್ಗು ದನಿ ಸಿಗತೊಡಗಿದಾಗ ಆರ್ಕೆಸ್ಟ್ರಾದವರು ಗಿಟಾರನ್ನು ಮಾರಿಬಿಟ್ಟರು. ಮಾವನಿಗೆ ತಿಳಿದದ್ದು ಆಮೇಲೆ. ಆರ್ಕೆಸ್ಟ್ರಾ ಬಿಟ್ಟು ಭಜನೆಗೆ ಮರಳಿದರೂ ಮುಂಜಿವಿಯ ಮಾತು ಅವರನ್ನು ಬಿಡಲಿಲ್ಲ. ಆ ಗಿಟಾರು ಒಮ್ಮೆ ಕೈಗೆ ಸಿಕ್ಕರೆ, ನೂಲು ಹಾಕಿದ್ದು ಹುಚ್ಚುತನವಲ್ಲ ಎಂದು ತೋರಿಸಬೇಕೆಂಬುದು ಅವರ ಆಸೆಯಾಗಿ ಉಳಿಯಿತು.

ಎರಡು ಸಾವಿರದ ನಂತರದ ವರ್ಷಗಳಲ್ಲಿ ನಾನು ಬೈಲಹೊಂಗಲದಲ್ಲಿ ಪಾಠ ಹೇಳುತ್ತಿದ್ದೆ. ಕಾಲೇಜು ಮುಗಿದ ಮೇಲೆ ಇಂಟರ್‌ನೆಟ್ ಅಂಗಡಿಯಲ್ಲಿ ಕುಳಿತು, ಆನ್‌ಲೈನ್ ಹರಾಜಿಗೆ ಬಂದ ಹಳೆಯ ಬೇಸ್ ಗಿಟಾರುಗಳನ್ನು ನೋಡುವುದು ಚಟವಾಯಿತು. ಕೊಳ್ಳುವ ಉದ್ದೇಶವಿರಲಿಲ್ಲ. ಯಾರ ಬೆಲ್ಟಿನ ಬಕಲ್ ಉಜ್ಜಿ ಬೆನ್ನು ಸವೆದಿದೆ, ಯಾರ ಹೆಬ್ಬೆರಳು ಎಲ್ಲಿ ಬಣ್ಣ ತಿಂದಿದೆ ಎಂದು ಊಹಿಸುತ್ತ ಕೂರುತ್ತಿದ್ದೆ. ಒಂದು ದಿನ, ಪುಣೆಯವರೊಬ್ಬರು ಮಾರಾಟಕ್ಕಿಟ್ಟ ಗಿಟಾರಿನ ಚಿತ್ರದಲ್ಲಿ ತಂತಿಗಳ ಅಡಿಗೆ ಏನೋ ಕಂಡಿತು. ಏನೋ ದಾರ ಸಿಕ್ಕಿಕೊಂಡಿದೆ, ಎಳೆದರೆ ಬರುತ್ತದೆ ಎಂದು ಬರೆದಿದ್ದರು. ದಯವಿಟ್ಟು ಎಳೆಯಬೇಡಿ ಎಂದು ಆ ಕ್ಷಣವೇ ಉತ್ತರ ಬರೆದೆ.

ಕಳೆದ ಎಮ್ಮೆಯ ಗುರುತು ಕೇಳುವಂತೆ ಮನೆಯಲ್ಲಿ ವಿಚಾರಿಸಿದೆ. ನನ್ನ ನೆನಪಿನ ಗಿಟಾರು ಕೆಂಪು. ಮಾವ ಬೆಲ್ಲದ ಬಣ್ಣ ಎಂದರು. ಅತ್ತೆ ಕಪ್ಪು ಎಂದಳು. ಚಿತ್ರದಲ್ಲಿದ್ದದ್ದು ನಡುವೆ ಬೆಲ್ಲದ ಬಣ್ಣ, ಅದರ ಸುತ್ತ ಕೆಂಪು, ಅಂಚಿಗೆ ಕಪ್ಪು. ಮೂವರೂ ಗೆದ್ದೆವು ಎಂದು ಅತ್ತೆಗೆ ಖುಷಿ. ನನಗೆ ಅಷ್ಟು ಸಲೀಸಾಗಿ ನಂಬಿಕೆ ಬರಲಿಲ್ಲ. ಅಲ್ಲಿ ಮಾರಾಟಕ್ಕಿದ್ದ ಅರ್ಧಕ್ಕರ್ಧ ಗಿಟಾರುಗಳಿಗೆ ಅದೇ ಬಣ್ಣವಿತ್ತು. ಉಳಿದ ಗುರುತು ನೂಲೊಂದೇ. ಅದನ್ನೇ ನಂಬಿ ಹರಾಜಿಗಿಳಿದೆ.

ಹರಾಜು ಮುಗಿಯುವ ದಿನ ಮಾವ ಅಂಗಡಿಗೆ ಬಂದು ನನ್ನ ಪಕ್ಕ ಕುಳಿತರು. ಹತ್ತಿ ಪೇಟೆಯಲ್ಲಿ ಬೆಲೆ ಕೂಗಿ ನಡೆಸುವ ಲಿಲಾವು ನೋಡಿ ಬೆಳೆದವರು. ಪರದೆಯ ಮೇಲೆ ಅಂಕಿ ತಾನಾಗಿ ಏರುವುದು ಅವರಿಗೆ ಸರಿಬರಲಿಲ್ಲ.

"ಯಾರೂ ಕೂಗವಲ್ಲರಲ್ಲೋ. ಬಾಯಿ ಸತ್ತ ಲಿಲಾವ ಇದು."

ಎದುರಿನವರ ಹೆಸರು ಕಾಣುವುದಿಲ್ಲ, ಬರೀ ಚುಕ್ಕಿಗಳು ಎಂದೆ.

"ಎದುರಿನಾಂವನ ಮಾರಿ ನೋಡಲಾರದ ಹೆಂಗ ಏರಸ್ತಿ ಅಳಿಯಾ? ಅಂವಗ ಖರೇನ ಬೇಕಾಗೇತೋ, ಸುಮ್ನ ಏರಸಾಕ ಹತ್ತ್ಯಾನೋ, ಮಾರಿ ನೋಡಿದ್ರ ಗೊತ್ತಾಕೈತಿ."

ಗಡಿಯಾರ ನಿಂತಾಗ ಮೇಲಿದ್ದದ್ದು ನಮ್ಮ ಅಂಕಿ. ಮೂರು ಸಲ ಕೂಗದೆ ಮುಗಿದ ಲಿಲಾವನ್ನು ಮಾವ ಬಸ್ಸು ಹತ್ತುವವರೆಗೂ ನಂಬಲಿಲ್ಲ.

ಪಾರ್ಸಲ್ ಕಿತ್ತೂರಿನ ಹೆದ್ದಾರಿ ಪಕ್ಕದ ಟ್ರಾನ್ಸ್‌ಪೋರ್ಟ್ ಕಚೇರಿಗೆ ಬಂತು. ಮನೆಯವರೆಗೆ ತಾಳ್ಮೆ ಇರಲಿಲ್ಲ, ಅಲ್ಲಿಯ ಕಟ್ಟೆಯ ಮೇಲೆಯೇ ಬಿಚ್ಚಿದೆವು. ನೂಲು ಇತ್ತು. ಮಾವ ಬಣ್ಣ, ತೂಕ ಯಾವುದನ್ನೂ ನೋಡಲಿಲ್ಲ. ಕನ್ನಡಕ ಹಾಕಿಕೊಂಡು ನೂಲಿನ ತುದಿಯನ್ನು ಬೆರಳಲ್ಲಿ ಹೊಸೆದರು.

"ಇದು ರೇಷ್ಮಿ. ನಾ ನಿಮ್ಮತ್ತಿ ಕಡೆ ದೀಪದ ಬತ್ತಿ ಇಸಕೊಂಡು ಹೊಸದ ಹಾಕತಿದ್ದೆ. ನಂದಲ್ಲ ಇದು."

ದನಿ ಇಳಿದಿತ್ತು. ಸಮಾಧಾನಕ್ಕೋ ಹಟಕ್ಕೋ ನಾನು ತರ್ಕ ಮುಂದಿಟ್ಟೆ. ಗಿಟಾರು ಅವರದೇ ಇರಬಹುದು, ಬತ್ತಿಯ ನೂಲು ಹರಿದಿರಬಹುದು, ಆಮೇಲೆ ಬಂದವನು ರೇಷ್ಮೆ ಹಾಕಿರಬಹುದು. ಹೇಳುತ್ತಿದ್ದಂತೆ ನನಗೇ ಇನ್ನೊಂದು ಹೊಳೆಯಿತು. ಗಿಟಾರು ಅದೇ ಆಗಿರಲಿ, ಬೇರೆ ಆಗಿರಲಿ, ಈ ನೂಲನ್ನು ಹಾಕಿದವನು ಎರಡನೆಯವನು. ಎಲ್ಲಿಯೋ ಇನ್ನೊಬ್ಬ ಇದಕ್ಕೆ ಜೀವ ಬೇಕೆಂದುಕೊಂಡಿದ್ದ. ಅದನ್ನು ಜೋರಾಗಿ ಹೇಳಿದೆ.

ಮಾವ ಕನ್ನಡಕ ತೆಗೆದು ಹೆದ್ದಾರಿಯ ಕಡೆ ನೋಡಿದರು.

"ಅಂದ್ರ ನಾ ಒಬ್ಬಾಂವ ಹುಚ್ಚ ಅಲ್ಲ."

"ಇಬ್ಬರ ಅದೀರಿ" ಎಂದೆ. ನಕ್ಕರು. ಒಂದು ತಂತಿ ಮೀಟಿದರು. ಲಾರಿಗಳ ಸದ್ದಿನ ನಡುವೆ ದನಿ ಹುಟ್ಟಿದಲ್ಲೇ ಅಡಗಿತು. ಅದೇ ದುಮ್ ಎಂದು ನನಗನ್ನಿಸಿತು, ಆದರೆ ಅಷ್ಟು ವರ್ಷಗಳ ಹಿಂದಿನ ಸದ್ದನ್ನು ನಾನು ನಿಜಕ್ಕೂ ನೆನಪಿಟ್ಟುಕೊಂಡಿದ್ದೆನೆ?

ಹಿಂದೆ ಇದು ಯಾರ ಬಳಿ ಇತ್ತೆಂದು ಮಾರಿದವರನ್ನು ಆಮೇಲೆ ಕೇಳಿದೆ. ಗೊತ್ತಿಲ್ಲ, ಗುಜರಿಯಲ್ಲಿ ಸಿಕ್ಕಿತು ಎಂದು ಬರೆದರು. ನೂಲು ತೆಗೆದು ಒಮ್ಮೆ, ಹಾಕಿ ಒಮ್ಮೆ ನುಡಿಸಿ ವ್ಯತ್ಯಾಸ ನೋಡೋಣ ಎಂಬ ನನ್ನ ಭೌತಶಾಸ್ತ್ರದ ಹಳೆಯ ಚಟ ಅಂದು ಕಿತ್ತೂರಿನ ಕಟ್ಟೆಯ ಮೇಲೆಯೇ ತಲೆಯೆತ್ತಿತ್ತು. ನಾನು ಉಗುರಿನಿಂದ ನೂಲಿನ ತುದಿ ಎತ್ತುತ್ತಿದ್ದಂತೆ ಮಾವ ನನ್ನ ಕೈ ಹಿಡಿದರು.

"ತಗೀಬ್ಯಾಡೋ. ಯಾರದೋ ಜೀವ ಅದು."